ನಕಾಶೆಯಲ್ಲಿ ಸಿಗದ ಫೆನ್‌ಲ್ಯಾಂಡ್

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ವಿಸ್‌ಬೀಚ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನೆಗೆ ಬರುವ ತೆರಿಗೆ ಬಿಲ್ಲಿನ ಮೇಲೆ ‘ಫೆನ್‌ಲ್ಯಾಂಡ್ ಡಿಸ್ಟ್ರಿಕ್ಟ್ ಕೌನ್ಸಿಲ್’ ಎಂದಿದೆ. ಒಳಗೆ ನೋಡಿದರೆ ಹೆಚ್ಚಿನ ಹಣ ‘ಕೇಂಬ್ರಿಡ್ಜ್‌ಶೈರ್ ಕೌಂಟಿ ಕೌನ್ಸಿಲ್’ಗೆ ಹೋಗುತ್ತದೆ. ನಕಾಶೆಯಲ್ಲಿ ಎಷ್ಟು ಹುಡುಕಿದರೂ ಫೆನ್‌ಲ್ಯಾಂಡ್ ಎಂಬ ಊರು ಸಿಗಲಿಲ್ಲ. ಇದು ಜಿಲ್ಲೆಯೋ, ಪಟ್ಟಣವೋ? ಯಾವಾಗ ಹುಟ್ಟಿತು? ಇನ್ನೊಂದು ಸಂದೇಹ. ಅವಳು ಕಳಿಸಿದ ಫೋಟೊ ಒಂದರಲ್ಲಿ ಕಾಲುವೆಯ ನೀರು ರಸ್ತೆಗಿಂತ ಎತ್ತರದಲ್ಲಿದೆ. ಅದು ಹೇಗೆ ಸಾಧ್ಯ?
(ಹಾವೇರಿಯ ಓದುಗರೊಬ್ಬರು)

ಉತ್ತರ: ನಿಮ್ಮ ಎರಡು ಸಂದೇಹಗಳು ಬೇರೆ ಬೇರೆಯಾಗಿ ಕಂಡರೂ ಉತ್ತರ ಒಂದೇ ಕಡೆ ಸೇರುತ್ತದೆ. ಫೆನ್‌ಲ್ಯಾಂಡ್ ಎಂಬ ಆಡಳಿತ ಘಟಕ 1974ರಲ್ಲಿ ಕಾನೂನಿನ ಮೂಲಕ ಹುಟ್ಟಿತು. ಆದರೆ ಅದರ ಊರುಗಳು ಎಲ್ಲಿರಬೇಕು, ಅದರ ಗಡಿ ಸುಮಾರಾಗಿ ಎಲ್ಲಿ ಹಾಯಬೇಕು ಎಂಬುದನ್ನು ನೀರು ಎಷ್ಟೋ ಶತಮಾನ ಮೊದಲೇ ತೀರ್ಮಾನಿಸಿಬಿಟ್ಟಿತ್ತು. ಒಂದೊಂದಾಗಿ ನೋಡೋಣ.

ಇದು ಜಿಲ್ಲೆಯೋ, ಪಟ್ಟಣವೋ?

ಪಟ್ಟಣವಲ್ಲ. ಡಿಸ್ಟ್ರಿಕ್ಟ್ ಎಂದಿರುವುದರಿಂದ ನಮ್ಮ ಹಾವೇರಿ, ಧಾರವಾಡದಂಥ ಜಿಲ್ಲೆ ಎಂದುಕೊಳ್ಳುವುದು ಸಹಜ. ಆದರೆ ಅಲ್ಲಿನ ಲೆಕ್ಕ ಬೇರೆ. ಕೇಂಬ್ರಿಡ್ಜ್‌ಶೈರ್ ಎಂಬುದು ಕೌಂಟಿ. ಗಾತ್ರದಲ್ಲಿ ಅದು ನಮ್ಮ ಜಿಲ್ಲೆಗೆ ಹತ್ತಿರ. ಆ ಕೌಂಟಿಯ ಒಳಗಿನ ಒಂದು ಭಾಗ ಫೆನ್‌ಲ್ಯಾಂಡ್. ಅದರ ವಿಸ್ತೀರ್ಣ ಸುಮಾರು 546 ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ ಜನಸಂಖ್ಯೆ 1 ಲಕ್ಷ 2 ಸಾವಿರ ದಾಟಿತ್ತು. ಹಾಗಾಗಿ ಇದನ್ನು ತಾಲ್ಲೂಕಿನ ಅಳತೆಯ ಪ್ರದೇಶ ಎಂದುಕೊಂಡರೆ ನಿಮಗೆ ಸರಿಯಾದ ಅಂದಾಜು ಸಿಗುತ್ತದೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಅಲ್ಲಿ ತಹಶೀಲ್ದಾರರೂ ಇಲ್ಲ, ಜಿಲ್ಲಾಧಿಕಾರಿಯೂ ಇಲ್ಲ. ಕೌಂಟಿಗೂ ಡಿಸ್ಟ್ರಿಕ್ಟಿಗೂ ಜನರು ಆರಿಸಿದ ಸದಸ್ಯರ ಮಂಡಳಿಗಳೇ ಇವೆ. ಒಂದು ಇನ್ನೊಂದರ ಕೈಕೆಳಗಿಲ್ಲ, ಕೆಲಸವನ್ನು ಹಂಚಿಕೊಂಡಿವೆ ಅಷ್ಟೆ.

ಹಂಚಿಕೆ ಹೀಗಿದೆ. ಶಾಲೆ, ರಸ್ತೆ, ಗ್ರಂಥಾಲಯ, ವೃದ್ಧರ ಮತ್ತು ಮಕ್ಕಳ ಪಾಲನೆಯ ಸೇವೆ ಇವು ಕೌಂಟಿಯ ಪಾಲು. ಮನೆ ಬಾಗಿಲಿನ ಕಸ ಎತ್ತುವುದು, ಕಟ್ಟಡಕ್ಕೆ ಅನುಮತಿ ಕೊಡುವುದು, ವಸತಿ ವ್ಯವಸ್ಥೆ, ಹೋಟೆಲುಗಳ ಶುಚಿತ್ವದ ತಪಾಸಣೆ, ಮತದಾರರ ಪಟ್ಟಿ ಇವು ಡಿಸ್ಟ್ರಿಕ್ಟಿನ ಪಾಲು. ಮನೆಯ ತೆರಿಗೆಯಾದ ಕೌನ್ಸಿಲ್ ಟ್ಯಾಕ್ಸ್ ವಸೂಲಿಯೂ ಡಿಸ್ಟ್ರಿಕ್ಟಿನದೇ. ಅದು ಎಲ್ಲರ ಪರವಾಗಿ ಹಣ ಸಂಗ್ರಹಿಸಿ ಕೌಂಟಿಗೆ, ಪೊಲೀಸರಿಗೆ, ಅಗ್ನಿಶಾಮಕ ದಳಕ್ಕೆ, ಪಟ್ಟಣದ ಮಂಡಳಿಗೆ ಅವರವರ ಪಾಲು ಕೊಡುತ್ತದೆ. ನಿಮ್ಮ ಮಗಳ ಬಿಲ್ಲಿನ ಮೇಲೆ ಒಂದು ಹೆಸರು, ಒಳಗೆ ಹಲವು ಹೆಸರು ಇರುವುದಕ್ಕೆ ಕಾರಣ ಇದು. ಪಾಲನಾ ಸೇವೆಗಳ ಖರ್ಚು ದೊಡ್ಡದು; ಆದ್ದರಿಂದಲೇ ಹಣದ ಹೆಚ್ಚಿನ ಪಾಲು ಕೌಂಟಿಗೆ ಹೋಗುತ್ತದೆ.

ಯಾವಾಗ ಹುಟ್ಟಿತು?

1974ರ ಏಪ್ರಿಲ್ 1ರಂದು. 1972ರ ಸ್ಥಳೀಯ ಆಡಳಿತ ಕಾನೂನು ಅಂದು ಜಾರಿಗೆ ಬಂತು, ಇಂಗ್ಲೆಂಡಿನ ಬಹುಪಾಲು ಹಳೆಯ ಸ್ಥಳೀಯ ಮಂಡಳಿಗಳು ರದ್ದಾದವು. ಫೆನ್‌ಲ್ಯಾಂಡಿಗಾಗಿ ಆರು ಹಳೆಯ ಘಟಕಗಳನ್ನು ಒಂದುಗೂಡಿಸಿದರು: ವಿಸ್‌ಬೀಚ್ ಎಂಬ ಹಳೆಯ ಪುರಸಭೆ, ಮಾರ್ಚ್, ಚಾಟರಿಸ್, ವಿಟ್ಲ್‌ಸಿ ಎಂಬ ಮೂರು ಪಟ್ಟಣ ಘಟಕಗಳು, ವಿಸ್‌ಬೀಚ್ ಗ್ರಾಮಾಂತರ ಮತ್ತು ನಾರ್ತ್ ವಿಚ್‌ಫರ್ಡ್ ಎಂಬ ಎರಡು ಗ್ರಾಮೀಣ ಘಟಕಗಳು. ನಾಲ್ಕೂ ಪಟ್ಟಣಗಳು ಸ್ವಾಭಿಮಾನದ ಊರುಗಳು. ವಿಸ್‌ಬೀಚ್ ಪುರಸಭೆಗೆ ಆರನೆಯ ಎಡ್ವರ್ಡ್ ದೊರೆ ಸನ್ನದು ಕೊಟ್ಟದ್ದು 1549ರಲ್ಲಿ. ಯಾವುದೋ ಒಂದು ಊರಿನ ಹೆಸರಿಡದೆ ಎಲ್ಲಕ್ಕೂ ಸಲ್ಲುವ ನೆಲದ ಹೆಸರನ್ನೇ ಹೊಸ ಘಟಕ ಇಟ್ಟುಕೊಂಡಿತು. ಫೆನ್ ಅಂದರೆ ಜೌಗು ನೆಲ. ನಕಾಶೆಯಲ್ಲಿ ಆ ಹೆಸರಿನ ಊರು ನಿಮಗೆ ಸಿಗದಿರುವುದು ಇದರಿಂದಲೇ. ಕೌನ್ಸಿಲಿನ ಕಚೇರಿ ಮಾರ್ಚ್ ಪಟ್ಟಣದಲ್ಲಿದೆ.

ಕಚೇರಿ ಅಲ್ಲೇ ಏಕೆಂಬುದಕ್ಕೂ ಹಿನ್ನೆಲೆ ಉಂಟು. 1889ರಿಂದ 1965ರವರೆಗೆ ಈ ಪ್ರದೇಶ ಐಲ್ ಆಫ್ ಈಲಿ ಎಂಬ ಪ್ರತ್ಯೇಕ ಕೌಂಟಿಗೆ ಸೇರಿತ್ತು. ಆ ಕೌಂಟಿಯ ಕಚೇರಿ ಇದ್ದದ್ದು ಮಾರ್ಚ್‌ನಲ್ಲಿ. ಐಲ್ ಎಂದರೆ ದ್ವೀಪ. ಸುತ್ತ ಜೌಗು, ನಡುವೆ ದಿಬ್ಬ. ಆ ದಿಬ್ಬದ ಮೇಲೆ 673ರಲ್ಲಿ ಎಥೆಲ್‌ಡ್ರೆಡಾ ಎಂಬ ರಾಜಕುವರಿ ಈಲಿಯ ಮಠವನ್ನು ಸ್ಥಾಪಿಸಿದಳು. ಮುಂದೆ ಈಲಿಯ ಬಿಷಪ್ಪರು ಧರ್ಮದ ಅಧಿಕಾರದ ಜೊತೆಗೆ ಈ ಸೀಮೆಯ ನ್ಯಾಯಾಡಳಿತವನ್ನೂ ನಡೆಸಿದರು. ಆ ಲೌಕಿಕ ಅಧಿಕಾರ ಕೊನೆಗೊಂಡದ್ದು 1830ರ ದಶಕದಲ್ಲಿ. 1965ರಲ್ಲಿ ಐಲ್ ಆಫ್ ಈಲಿಯನ್ನು ಕೇಂಬ್ರಿಡ್ಜ್‌ಶೈರಿನ ಜೊತೆ ಕೂಡಿಸಿದರು. ಅದೇ ವರ್ಷ ಥಾರ್ನಿ ಎಂಬ ಭಾಗವನ್ನು ಮಾತ್ರ ಬಿಡಿಸಿ ಪೀಟರ್‌ಬರೋ ಕಡೆಗೆ ಕೊಟ್ಟರು. ಹಾಗಾಗಿ ಇಂದಿಗೂ ಥಾರ್ನಿ ಫೆನ್‌ಲ್ಯಾಂಡಿನ ಗಡಿಯ ಹೊರಗಿದೆ. 1974ರಲ್ಲಿ ಹಳೆಯ ಐಲ್ ಆಫ್ ಈಲಿಯ ಉತ್ತರ ಭಾಗ ಫೆನ್‌ಲ್ಯಾಂಡ್ ಆಯಿತು. ಈಲಿ ನಗರವಿರುವ ದಕ್ಷಿಣ ಭಾಗ ಈಸ್ಟ್ ಕೇಂಬ್ರಿಡ್ಜ್‌ಶೈರ್ ಎಂಬ ಇನ್ನೊಂದು ಡಿಸ್ಟ್ರಿಕ್ಟಿಗೆ ಸೇರಿತು.

ಇಲ್ಲಿ ಆಗುವ ಒಂದು ಗೊಂದಲ

ಪುಸ್ತಕಗಳಲ್ಲಿ ‘ಫೆನ್ಸ್’ ಎಂಬ ಹೆಸರು ಕಂಡರೆ ಅದೂ ನಿಮ್ಮ ಮಗಳಿರುವ ಡಿಸ್ಟ್ರಿಕ್ಟೂ ಒಂದೇ ಎನಿಸಬಹುದು. ಹಾಗಲ್ಲ. ಫೆನ್ಸ್ ಎಂಬುದು ವಾಶ್ ಕೊಲ್ಲಿಯ ಸುತ್ತ ಲಿಂಕನ್‌ಶೈರ್, ಕೇಂಬ್ರಿಡ್ಜ್‌ಶೈರ್, ನಾರ್ಫೋಕ್‌ಗಳಲ್ಲಿ ಹರಡಿ ಸಫೋಕಿನ ಅಂಚನ್ನೂ ಮುಟ್ಟುವ ದೊಡ್ಡ ತಗ್ಗು ಬಯಲು. ಅದು ಭೂಗೋಳದ ಹೆಸರು. ಫೆನ್‌ಲ್ಯಾಂಡ್ ಡಿಸ್ಟ್ರಿಕ್ಟ್ ಆ ಬಯಲಿನ ನಡುಭಾಗದ ಒಂದು ತುಂಡು ಮಾತ್ರ. ಅದರ ಉತ್ತರಕ್ಕೆ ಲಿಂಕನ್‌ಶೈರ್, ಪೂರ್ವಕ್ಕೆ ನಾರ್ಫೋಕ್, ದಕ್ಷಿಣಕ್ಕೆ ಈಸ್ಟ್ ಕೇಂಬ್ರಿಡ್ಜ್‌ಶೈರ್, ನೈರುತ್ಯಕ್ಕೆ ಹಂಟಿಂಗ್ಡನ್‌ಶೈರ್, ಪಶ್ಚಿಮಕ್ಕೆ ಪೀಟರ್‌ಬರೋ ಇವೆ. ಫೆನ್ಸ್ ಬಗ್ಗೆ ಹೇಳಿದ್ದೆಲ್ಲ ಈ ಡಿಸ್ಟ್ರಿಕ್ಟಿನೊಳಗೆ ನಡೆದದ್ದಲ್ಲ. ಉದಾಹರಣೆಗೆ, ವಿಟ್ಲ್‌ಸಿಯ ಹೆಸರನ್ನೇ ಹೊತ್ತಿದ್ದ ವಿಟ್ಲ್‌ಸಿ ಮಿಯರ್ ಎಂಬ ಹೆಸರಾಂತ ಸರೋವರ ಇದ್ದದ್ದು ಹಂಟಿಂಗ್ಡನ್‌ಶೈರಿನಲ್ಲಿ. 1850ರ ದಶಕದ ಆರಂಭದಲ್ಲಿ ಅದನ್ನು ಬತ್ತಿಸಿ ಹೊಲ ಮಾಡಿದರು.

ಊರುಗಳು ಅಲ್ಲೇ ಏಕೆ?

ಈಗ ನೆಲದ ಮಾತಿಗೆ ಬರೋಣ. ಈ ಡಿಸ್ಟ್ರಿಕ್ಟಿನಲ್ಲಿ ಮುಖ್ಯವಾಗಿ ಎರಡು ಬಗೆಯ ಮಣ್ಣಿದೆ. ಉತ್ತರದ ವಿಸ್‌ಬೀಚ್ ಕಡೆ ಸಮುದ್ರದ ಉಬ್ಬರ ತಂದು ಹಾಕಿದ ಮೆಕ್ಕಲು ಮಣ್ಣು. ಇದು ತುಸು ಎತ್ತರ, ಗಟ್ಟಿ. ದಕ್ಷಿಣದಲ್ಲಿ ಪೀಟ್ ಎಂಬ ಕಪ್ಪು ಮಣ್ಣು. ಜೊಂಡು, ಹುಲ್ಲು, ಮರಗಳು ನಿಂತ ನೀರಿನಲ್ಲಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರಪದರವಾಗಿ ಕೂಡಿಬಿದ್ದು ಆದದ್ದು ಇದು. ಮಧ್ಯಯುಗದ ಹಳ್ಳಿಗಳು ಮೆಕ್ಕಲಿನ ಮೇಲೆ ನೆಲೆ ನಿಂತವು. ಲೆವರಿಂಗ್ಟನ್, ಟಿಡ್ ಸೇಂಟ್ ಜೈಲ್ಸ್ ಮೊದಲಾದ ಹಳ್ಳಿಗಳ ಹಳೆಯ ಚರ್ಚುಗಳು ಆ ಕಾಲದವು. ಪೀಟ್ ಪ್ರದೇಶದಲ್ಲಿ ಮನೆ ಕಟ್ಟಲು ತಕ್ಕ ನೆಲ ಇದ್ದದ್ದು ಜೌಗಿನ ನಡುವೆ ತಲೆ ಎತ್ತಿದ ಜೇಡಿಮಣ್ಣಿನ ದಿಬ್ಬಗಳ ಮೇಲೆ ಮಾತ್ರ. ಮಾರ್ಚ್, ಚಾಟರಿಸ್, ವಿಟ್ಲ್‌ಸಿ ಮೂರೂ ಅಂಥ ದಿಬ್ಬಗಳು, ಅಂದರೆ ಹಿಂದಿನ ದ್ವೀಪಗಳು. ಇಂದು ಸುತ್ತ ಗೋಧಿ, ಆಲೂಗಡ್ಡೆ, ಸಕ್ಕರೆ ಬೀಟಿನ ಹೊಲಗಳಿರುವುದರಿಂದ ಆ ಊರುಗಳು ದ್ವೀಪಗಳಾಗಿದ್ದವು ಎಂದರೆ ನಂಬುವುದು ಕಷ್ಟ. ಆದರೆ ಊರು ಬಿಟ್ಟು ಹೊರಟರೆ ರಸ್ತೆ ಮೆಲ್ಲಗೆ ಇಳಿಯುವುದು ತಿಳಿಯುತ್ತದೆ.

ಈ ನೀರು-ನೆಲದಲ್ಲಿ ಜನರು ಎಷ್ಟು ಹಿಂದಿನಿಂದ ಬದುಕಿದ್ದಾರೆ ಎಂಬುದಕ್ಕೆ ವಿಟ್ಲ್‌ಸಿ ಹತ್ತಿರದ ಮಸ್ಟ್ ಫಾರ್ಮ್ ಎಂಬಲ್ಲಿ ದೊಡ್ಡ ಸಾಕ್ಷಿ ಸಿಕ್ಕಿತು. ಇಟ್ಟಿಗೆಗೆಂದು ಜೇಡಿಮಣ್ಣು ತೆಗೆಯುವ ಗಣಿ ಅದು. 2015-16ರಲ್ಲಿ ಅಲ್ಲಿ ನಡೆದ ಉತ್ಖನನದಲ್ಲಿ ಕ್ರಿಸ್ತಪೂರ್ವ 850ರ ಸುಮಾರಿನ ಕಂಚಿನ ಯುಗದ ಮನೆಗಳು ಹೊರಬಂದವು. ನಿಧಾನವಾಗಿ ಹರಿಯುವ ಹೊಳೆಯ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳು. ಕಟ್ಟಿ ಒಂದು ವರ್ಷ ಕಳೆಯುವುದರೊಳಗೇ ಬೆಂಕಿ ಬಿದ್ದು ಎಲ್ಲವೂ ನೀರಿಗೆ ಕುಸಿದವು, ಕೆಸರು ಅವನ್ನು ಮುಚ್ಚಿ ಕಾಪಾಡಿತು. ನೂಲಿನ ಉಂಡೆ, ನಾರಿನ ಬಟ್ಟೆ, ಹಿಡಿಯ ಸಮೇತ ಕೊಡಲಿ, ದೂರದೇಶದಿಂದ ಬಂದ ಗಾಜಿನ ಮಣಿ ಸಿಕ್ಕವು. ಒಂದು ಬೋಗುಣಿಯಲ್ಲಂತೂ ಗೋಧಿಯ ಗಂಜಿ ಇನ್ನೂ ಅಂಟಿಕೊಂಡಿತ್ತು, ಜೊತೆಗೆ ಕಲಕುವ ಮರದ ಸೌಟೂ ಇತ್ತು. ಊಟಕ್ಕೆ ಕೂತವರು ಎದ್ದು ಓಡಿರಬೇಕು.

ವಿಸ್‌ಬೀಚಿನ ಕಥೆ ದಿಬ್ಬದ್ದಲ್ಲ, ನದೀಮುಖದ್ದು. ಮಧ್ಯಯುಗದಲ್ಲಿ ಅದು ಸಮುದ್ರದ ಹತ್ತಿರವೇ ಇದ್ದ ಬಂದರು. ಊಸ್ ನದಿಯ ನೀರು ಆಗ ಈ ದಾರಿಯಾಗಿ ಹರಿಯುತ್ತಿತ್ತು. ಹೂಳು ತುಂಬಿದ್ದರಿಂದ 13ನೆಯ ಶತಮಾನದ ಹೊತ್ತಿಗೆ ಆ ನದಿ ಪೂರ್ವಕ್ಕೆ ತಿರುಗಿ ಕಿಂಗ್ಸ್ ಲಿನ್ ಊರಿನ ಕಡೆ ಹರಿಯತೊಡಗಿತು. ವಿಸ್‌ಬೀಚಿಗೆ ಉಳಿದದ್ದು ನೀನ್ ನದಿ. ಹೂಳು ಬಿದ್ದ ಕಡೆ ಒಡ್ಡು ಕಟ್ಟಿ ಜನ ನೆಲ ಗೆಲ್ಲುತ್ತ ಹೋದಂತೆ ಸಮುದ್ರ ದೂರ ಸರಿಯಿತು. ಇಂದು ಪಟ್ಟಣದಿಂದ ಕಡಲಿಗೆ ಹದಿನೈದು ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ನದಿಯ ಉಬ್ಬರವನ್ನು ನೆಚ್ಚಿಕೊಂಡು ಬಂದರು ಇನ್ನೂ ನಡೆಯುತ್ತಿದೆ, ಅದರ ಉಸ್ತುವಾರಿಯೂ ಡಿಸ್ಟ್ರಿಕ್ಟ್ ಕೌನ್ಸಿಲಿನದೇ.

ನೀರು ರಸ್ತೆಗಿಂತ ಎತ್ತರಕ್ಕೆ ಹೇಗೆ ಬಂತು?

ಇದು ನಿಮ್ಮ ಪ್ರಶ್ನೆಯ ಮುಖ್ಯ ಭಾಗ. ಚಿಕ್ಕದಾಗಿ ಹೇಳುವುದಾದರೆ ನೀರು ಮೇಲೆ ಏರಲಿಲ್ಲ, ನೆಲವೇ ಕೆಳಗೆ ಇಳಿಯಿತು.

ಮೊದಲು ಇಲ್ಲಿ ಬೇಸಿಗೆಯಲ್ಲಿ ಹುಲ್ಲುಗಾವಲು, ಚಳಿಗಾಲದಲ್ಲಿ ನೀರು. ಮೀನು, ಹಾವುಮೀನು, ಕಾಡುಬಾತುಗಳ ಬೇಟೆ, ಜೊಂಡು, ಉರುವಲಿಗೆ ಪೀಟ್, ದನಕರುಗಳ ಮೇವು ಇವೇ ಜನರ ಜೀವನ. 15ನೆಯ ಶತಮಾನದ ಕೊನೆಯಲ್ಲಿ ಬಿಷಪ್ ಜಾನ್ ಮಾರ್ಟನ್ ಪೀಟರ್‌ಬರೋ ಬಳಿಯಿಂದ ಗೈಹರ್ನ್ ಎಂಬ ಹಳ್ಳಿಯವರೆಗೆ ನೇರವಾದ ಕಾಲುವೆ ತೋಡಿಸಿದರು. ‘ಮಾರ್ಟನ್ಸ್ ಲೀಮ್’ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ವಿಟ್ಲ್‌ಸಿಯ ಉತ್ತರಕ್ಕೆ ಹರಿಯುತ್ತಿದೆ. ದೊಡ್ಡ ಕೆಲಸ ನಡೆದದ್ದು 17ನೆಯ ಶತಮಾನದಲ್ಲಿ. ಬೆಡ್‌ಫರ್ಡಿನ ನಾಲ್ಕನೆಯ ಅರ್ಲ್ ಫ್ರಾನ್ಸಿಸ್ ರಸೆಲ್ ಮತ್ತು ಅವರ ಪಾಲುದಾರರು 1630ರಲ್ಲಿ ಹಣ ಹೂಡಲು ಒಪ್ಪಿದರು. ಪ್ರತಿಫಲವಾಗಿ ಅವರಿಗೆ 95 ಸಾವಿರ ಎಕರೆ ನೆಲ. ಕೆಲಸ ವಹಿಸಿಕೊಂಡವರು ಡಚ್ ಎಂಜಿನಿಯರ್ ಕಾರ್ನೀಲಿಯಸ್ ವರ್ಮೈಡನ್. ಸುತ್ತಿ ಬಳಸಿ ಹರಿಯುವ ನದಿಯ ನೀರನ್ನು ನೇರವಾದ ಕಾಲುವೆಯಲ್ಲಿ ಬೇಗ ಸಮುದ್ರಕ್ಕೆ ಮುಟ್ಟಿಸಬೇಕೆಂಬುದು ಅವರ ಉಪಾಯ. 1637ರ ಹೊತ್ತಿಗೆ ಇಯರಿತ್ ಎಂಬ ಹಳ್ಳಿಯಿಂದ ಡೆನ್ವರ್ ಎಂಬ ಹಳ್ಳಿಯ ಕಡೆಗೆ ಸುಮಾರು 34 ಕಿಲೋಮೀಟರ್ ಉದ್ದದ ಹಳೆಯ ಬೆಡ್‌ಫರ್ಡ್ ನದಿ ಸಿದ್ಧವಾಯಿತು. ಅದು ಸಾಲದೆ 1651ರಲ್ಲಿ ಪಕ್ಕದಲ್ಲೇ ಹೊಸ ಬೆಡ್‌ಫರ್ಡ್ ನದಿ ತೋಡಿದರು. ಚಾಟರಿಸ್ ಹತ್ತಿರ ಹಾಯುವ ಫಾರ್ಟಿ ಫುಟ್ ಕಾಲುವೆಯೂ ಅದೇ ಕಾಲದ್ದು. ಡನ್‌ಬಾರ್ ಯುದ್ಧದಲ್ಲಿ ಸೆರೆಸಿಕ್ಕ ಸ್ಕಾಟ್ಲೆಂಡಿನ ಸೈನಿಕರನ್ನೂ ಈ ಅಗೆತಕ್ಕೆ ಹಚ್ಚಿದ್ದರು. ಮೀನು, ಮೇವು ಕಳೆದುಕೊಳ್ಳುವ ಸ್ಥಳೀಯರು ಸುಮ್ಮನೆ ಕೂರಲಿಲ್ಲ. ಒಡ್ಡುಗಳನ್ನು ಒಡೆದರು, ಗಲಭೆ ಮಾಡಿದರು. ನೀರು ಹರಿದುಹೋದದ್ದು ಎಲ್ಲರಿಗೂ ಲಾಭವಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ನೀರು ಹೋದ ಮೇಲೆ ಯಾರೂ ಎಣಿಸದ ಒಂದು ಪರಿಣಾಮ ಕಂಡಿತು. ನರ್ಸರಿಯಿಂದ ತಂದ ತೆಂಗಿನ ನಾರಿನ ಪುಡಿಯನ್ನು ನೀವು ನೋಡಿರಬಹುದು. ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕುಳಿತುಬಿಡುತ್ತದೆ. ಪೀಟ್ ಮಣ್ಣೂ ಹಾಗೆ ಕುಗ್ಗಿತು. ಅಷ್ಟೇ ಅಲ್ಲ, ಗಾಳಿ ಸೋಕಿದ್ದೇ ತಡ, ಸಾವಿರಾರು ವರ್ಷ ಕೊಳೆಯದೆ ಇದ್ದ ಸಸ್ಯಾಂಶ ಕೊಳೆತು ಗಾಳಿಯಲ್ಲಿ ಸೇರತೊಡಗಿತು. ಉತ್ತ ಹೊಲದ ಒಣಪುಡಿಯನ್ನು ವಸಂತದ ಗಾಳಿ ಹೊತ್ತೊಯ್ಯತೊಡಗಿತು. ಹೀಗೆ ಹೊಲದ ಮಟ್ಟ ವರ್ಷ ವರ್ಷವೂ ತಗ್ಗಿತು. ಆದರೆ ನದಿ, ಕಾಲುವೆಗಳು ಒಡ್ಡುಗಳ ನಡುವೆ ತಮ್ಮ ಹಳೆಯ ಮಟ್ಟದಲ್ಲೇ ಉಳಿದವು. ಕೊನೆಗೆ ಹೊಲದ ನೀರು ತಾನಾಗಿ ನದಿಗೆ ಹರಿಯದ ಸ್ಥಿತಿ ಬಂತು. ನೀರನ್ನು ಎತ್ತಿ ಹಾಕಲೇಬೇಕಾಯಿತು. ಮೊದಲು ಗಾಳಿಗಿರಣಿ, 1820ರ ದಶಕದಿಂದ ಉಗಿಯಂತ್ರ, ಆಮೇಲೆ ಡೀಸೆಲ್, ಈಗ ವಿದ್ಯುತ್ ಪಂಪು. ಪಂಪು ಬಲವಾದಷ್ಟೂ ಪೀಟ್ ಇನ್ನಷ್ಟು ಒಣಗಿತು, ನೆಲ ಇನ್ನಷ್ಟು ಇಳಿಯಿತು.

ಎಷ್ಟು ಇಳಿಯಿತು ಎಂಬುದನ್ನು ಕಣ್ಣಾರೆ ನೋಡಬಹುದು. ಗಡಿಯಾಚೆ ಹಂಟಿಂಗ್ಡನ್‌ಶೈರಿನ ಹೋಮ್ ಫೆನ್‌ನಲ್ಲಿ 1850ರ ದಶಕದ ಆರಂಭದಲ್ಲಿ ಒಂದು ಕಬ್ಬಿಣದ ಕಂಬವನ್ನು ತುದಿ ನೆಲದ ಮಟ್ಟಕ್ಕೆ ಬರುವಂತೆ ಹೂತರು. ಇಂದು ಆ ಕಂಬ ಸುಮಾರು 4 ಮೀಟರ್ ಹೊರಗಿದೆ. ಕೆಳಗೆ ನಿಂತವರು ಕೈ ಎತ್ತಿದರೂ ತುದಿ ಮುಟ್ಟಲಾಗುವುದಿಲ್ಲ. ಅಲ್ಲಿನ ನೆಲ ಸಮುದ್ರಮಟ್ಟಕ್ಕಿಂತ ಎರಡೂವರೆ ಮೀಟರಿಗೂ ಹೆಚ್ಚು ಕೆಳಗಿದೆ, ಬ್ರಿಟನ್ನಿನ ಅತಿ ತಗ್ಗಿನ ಜಾಗ ಅದೇ. ಇನ್ನೊಂದು ವಿಚಿತ್ರವೂ ಉಂಟು. ಬತ್ತಿಹೋದ ಹಳೆಯ ಹೊಳೆಗಳ ತಳದ ಮೆಕ್ಕಲು ಕುಗ್ಗಲಿಲ್ಲ, ಎರಡೂ ಬದಿಯ ಪೀಟ್ ಕುಗ್ಗಿತು. ಒಂದು ಕಾಲದಲ್ಲಿ ತಗ್ಗಾಗಿದ್ದ ಹೊಳೆಯ ಪಾತ್ರ ಈಗ ಹೊಲದ ನಡುವೆ ಉಬ್ಬಿದ ಏರಿಯಾಗಿ ಕಾಣುತ್ತದೆ. ಇವನ್ನು ಅಲ್ಲಿನವರು ರಾಡನ್ ಎನ್ನುತ್ತಾರೆ. ಗಟ್ಟಿ ನೆಲವೆಂದು ಅವುಗಳ ಮೇಲೆ ಮನೆ ಕಟ್ಟಿದವರಿದ್ದಾರೆ.

ಹಾಗಾದರೆ ನೀರನ್ನು ನೋಡಿಕೊಳ್ಳುವವರು ಯಾರು?

ಕೌಂಟಿಯೂ ಅಲ್ಲ, ಡಿಸ್ಟ್ರಿಕ್ಟೂ ಅಲ್ಲ. ಹೊಲಗಳ ನಡುವಿನ ಕಾಲುವೆ, ಪಂಪುಗಳನ್ನು ನೋಡಿಕೊಳ್ಳಲು ಒಳನಾಡು ಬಸಿಕಾಲುವೆ ಮಂಡಳಿಗಳಿವೆ. ಅವುಗಳ ಮೇಲೆ ದೊಡ್ಡ ಕಾಲುವೆಗಳ ಜಾಲವನ್ನು ಮಿಡಲ್ ಲೆವೆಲ್ ಕಮಿಷನರ್ಸ್ ಎಂಬ ಹಳೆಯ ಸಂಸ್ಥೆ ನಡೆಸುತ್ತದೆ. ಅದರ ಕಚೇರಿಯೂ ಮಾರ್ಚ್‌ನಲ್ಲೇ. ಮುಖ್ಯ ನದಿಗಳ ಹೊಣೆ ಪರಿಸರ ಏಜೆನ್ಸಿಯದು. ಹೊಲದವರು ಈ ಮಂಡಳಿಗಳಿಗೆ ನೇರವಾಗಿ ತೆರಿಗೆ ಕೊಡುತ್ತಾರೆ. ಮನೆಗಳ ಪಾಲನ್ನು ಡಿಸ್ಟ್ರಿಕ್ಟ್ ಕೌನ್ಸಿಲ್ ತನ್ನ ತೆರಿಗೆಯಿಂದ ತೆಗೆದು ಕೊಡುತ್ತದೆ. ಅಂದರೆ ನಿಮ್ಮ ಮಗಳು ಕಟ್ಟುವ ಹಣದಲ್ಲಿ ಒಂದಂಶ ಅಲ್ಲಿನ ನೆಲ ಮುಳುಗದಂತೆ ಪಂಪು ನಡೆಸಲು ಹೋಗುತ್ತಿದೆ. ಮಳೆ ಜೋರಾದಾಗ ನೀನ್ ನದಿಯ ಹೆಚ್ಚುವರಿ ನೀರನ್ನು ವಿಟ್ಲ್‌ಸಿ ಬಳಿಯ ನೀನ್ ವಾಷಸ್ ಎಂಬ ಬಯಲಿಗೆ ಬೇಕೆಂದೇ ಬಿಡುತ್ತಾರೆ. ಆಗ ವಿಟ್ಲ್‌ಸಿಯಿಂದ ಥಾರ್ನಿಗೆ ಹೋಗುವ ರಸ್ತೆ ಮುಳುಗಿ ಮುಚ್ಚಿಹೋಗುತ್ತದೆ. ಇಷ್ಟೆಲ್ಲ ಇದ್ದೂ 1947ರ ಮಾರ್ಚ್ ತಿಂಗಳಲ್ಲಿ ಹಿಮ ಕರಗಿ ಫೆನ್ಸ್‌ನ ದೊಡ್ಡ ಭಾಗ ಮುಳುಗಿತ್ತು. 1978ರ ಜನವರಿಯಲ್ಲಿ ಸಮುದ್ರದ ಉಬ್ಬರ ನುಗ್ಗಿ ವಿಸ್‌ಬೀಚಿನ ಮನೆಗಳಿಗೆ ನೀರು ಹೊಕ್ಕಿತ್ತು.

ಕೊನೆಯದಾಗಿ

ಈ ಆಡಳಿತ ವ್ಯವಸ್ಥೆ ಹೀಗೇ ಇರುತ್ತದೆಂದು ಎಣಿಸಬೇಡಿ. ಕೌಂಟಿ, ಡಿಸ್ಟ್ರಿಕ್ಟ್ ಎಂಬ ಎರಡು ಹಂತಗಳಿರುವ ಕಡೆ ಒಂದೇ ಹಂತದ ಮಂಡಳಿ ತರಬೇಕೆಂದು 2024ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಶ್ವೇತಪತ್ರ ಹೊರಡಿಸಿದೆ. ಕೇಂಬ್ರಿಡ್ಜ್‌ಶೈರೂ ಅದರ ವ್ಯಾಪ್ತಿಯಲ್ಲಿದೆ. ಬಿಲ್ಲಿನ ಮೇಲಿನ ಹೆಸರು ಮುಂದೆ ಬದಲಾಗಬಹುದು. ಬದಲಾದರೂ ಕಾಲುವೆ ಮತ್ತು ಪಂಪುಗಳ ಕೆಲಸ ನಿಲ್ಲುವಂತಿಲ್ಲ. ಹೊಸ ಮಂಡಳಿಯೂ ಅದಕ್ಕೆ ಹಣ ಕೊಡಲೇಬೇಕು.

ಮಗಳನ್ನು ನೋಡಲು ನೀವು ವಿಸ್‌ಬೀಚಿಗೆ ಹೋದರೆ ನದಿಯ ಎರಡೂ ದಂಡೆಗಳಲ್ಲಿ ನಡೆದು ಬನ್ನಿ. ಉತ್ತರ ದಂಡೆಯಲ್ಲಿ 1722ರಲ್ಲಿ ಕಟ್ಟಿದ ಪೆಕೋವರ್ ಹೌಸ್ ಇದೆ. ಎದುರು ದಂಡೆಯಲ್ಲಿ ಆಕ್ಟೇವಿಯಾ ಹಿಲ್ ಹುಟ್ಟಿದ ಮನೆ ಇದೆ. ಬಡವರ ವಸತಿಗಾಗಿ ದುಡಿದ ಈಕೆ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿದ ಮೂವರಲ್ಲಿ ಒಬ್ಬರು. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ಥಾಮಸ್ ಕ್ಲಾರ್ಕ್‌ಸನ್ 1760ರಲ್ಲಿ ಹುಟ್ಟಿದ್ದೂ ಈ ಊರಿನಲ್ಲೇ. ಸೇತುವೆಯ ಹತ್ತಿರ ಅವರ ಸ್ಮಾರಕವಿದೆ. ಆಮೇಲೆ ಮಾರ್ಚ್‌ಗೆ ಹೋಗಿ ಸೇಂಟ್ ವೆಂಡ್ರೆಡಾ ಚರ್ಚಿನ ಒಳಮಾಡನ್ನು ತಲೆ ಎತ್ತಿ ನೋಡಿ. ಮರದಲ್ಲಿ ಕೆತ್ತಿದ ನೂರಕ್ಕೂ ಹೆಚ್ಚು ದೇವದೂತರು ರೆಕ್ಕೆ ಬಿಚ್ಚಿ ನಿಂತಿದ್ದಾರೆ. ಜನವರಿಯಲ್ಲಿ ಹೋಗುವುದಾದರೆ ವಿಟ್ಲ್‌ಸಿಯಲ್ಲಿ ಮೈತುಂಬ ಹುಲ್ಲು ಸುತ್ತಿಕೊಂಡ ಕರಡಿ ವೇಷದ ಮೆರವಣಿಗೆಯೂ ಸಿಗುತ್ತದೆ. ಫೋಟೊದಲ್ಲಿ ಕಂಡ ಆ ರಸ್ತೆಗೂ ಒಮ್ಮೆ ಹೋಗಿ ಒಡ್ಡನ್ನು ಹತ್ತಿ ಎರಡೂ ಕಡೆ ನೋಡಿ, ಈ ಬರಹದಲ್ಲಿ ಹೇಳಿದ್ದೆಲ್ಲ ಆಗ ಪೂರ್ತಿ ಮನದಟ್ಟಾಗುತ್ತದೆ.